ಸರ್ಕಾರಿ ಶಾಲೆಯ ಮೂರನೇ ಕ್ಲಾಸ್ ಹೇಗಿದೆ?

ಮಗಳು ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸ್ ಮುಗಿಸಿದಳು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಮೂರನೇ ಕ್ಲಾಸ್ ಅಂದರೆ ಮಕ್ಕಳಿಗೆ ನಲಿ ಕಲಿಯ ಕೊನೆಯ ವರ್ಷ. ನಲಿ ಕಲಿ ಅಂದರೆ ನಲಿಯುತ್ತಾ ಕಲಿಯುವ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾದದ್ದು. ಒಂದರಿಂದ ಮೂರನೇ ಕ್ಲಾಸಿನವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು, ಕಲಿಕಾ ಏಣಿ (ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ತೋರಿಸುವ ಪಟ್ಟಿ) ನೋಡಿಕೊಂಡು, ತಮ್ಮ ಪಾಠದ ಕಾರ್ಡ್ ತಾವೇ ಹುಡುಕಿ ತಂದು ಕಲಿಯುತ್ತಾರೆ. ರ‍್ಯಾಂಕಿನ ಗಲಾಟೆ ಇಲ್ಲ. ತಲೆ ಮೇಲೆ ದಾರದ ಚಪ್ಪರ, ಅದರ ತುಂಬಾ ಮಕ್ಕಳು ಬರೆದ ಚಿತ್ರಗಳು.

ಮೂರನೇ ಕ್ಲಾಸಿನವರೇ ಅಲ್ಲಿ ದೊಡ್ಡವರು, ಚಿಕ್ಕವರಿಗೆ ಹೇಳಿಕೊಡೋದೂ ಅವರ ಕೆಲಸ. ನಮ್ಮವಳು ಒಂದನೇ ಕ್ಲಾಸಿನ ಹುಡುಗನ ಕೈ ಹಿಡಿದು ‘ಣ’ ತಿದ್ದಿಸುತ್ತಾ ತಿದ್ದಿಸುತ್ತಾ ತನ್ನ ಒತ್ತಕ್ಷರಗಳನ್ನೂ ಸರಿ ಮಾಡಿಕೊಂಡಳು. ಈಗ ಬಸ್ಸಿನ ಬೋರ್ಡ್ ಕಂಡರೆ ಓದದೆ ಬಿಡುವುದಿಲ್ಲ!

ಲೆಕ್ಕದ ಕಡೆ ಮಾತ್ರ ಸ್ವಲ್ಪ ಗಮನ ಕೊಡಿ. 402ರಲ್ಲಿ 178 ಕಳೆ ಅಂದರೆ ನಡುವಿನ ಸೊನ್ನೆ ಹತ್ತಿರ ನಿಂತುಬಿಡುತ್ತಿದ್ದಳು. ಹತ್ತತ್ತು ಕಡ್ಡಿಯ ಕಟ್ಟು ಮಾಡಿ, ಬಿಚ್ಚಿ ತೋರಿಸಿದ ಮೇಲೆ ಹೊಳೆಯಿತು. ಮಗ್ಗಿಯನ್ನಂತೂ ಮನೆಯಲ್ಲೇ ಹೇಳಿಸಿ.

ಬೇಜಾರು ಒಂದೇ. ಇಷ್ಟು ಮಕ್ಕಳಿಗೆ ಒಬ್ಬರೇ ಮೇಡಂ. ಅವರು ಟ್ರೈನಿಂಗು, ಸರ್ವೆ ಅಂತ ಹೋದರೆ ಆ ದಿನ ಸುಮ್ನೆ ಹೋದಂಗೆ. ಅವರ ತಪ್ಪೇನಿಲ್ಲ, ಅಲ್ವಾ?

ನಾಲ್ಕನೇ ಕ್ಲಾಸಿಗೆ ಕಾರ್ಡ್ ಹೋಗಿ ಪಾಠ, ಪ್ರಶ್ನೋತ್ತರ ಬರುತ್ತದೆ, ಬರೆಯೋದು ಜಾಸ್ತಿ. ಬೇಸಿಗೆ ರಜೆಯಲ್ಲಿ ದಿನಾ ಒಂದು ಪುಟ ಓದಿಸಿ, ನಾಲ್ಕು ಸಾಲು ಸ್ವಂತವಾಗಿ ಬರೆಸಿ.