ಡೈವ್‌ಮಾಸ್ಟರ್ ಕೋರ್ಸ್‌ಗೆ ರೊಕ್ಕ ಕಟ್ಟೋಕಿಂತ ಮೊದಲ ಇದನ್ನ ಓದ್ರಿ

ಹೋದ ವಾರ ಬೆಳಗಾವ್ಯಾಗ ಸ್ವಿಮ್ಮಿಂಗ್ ಪೂಲ್ ಕಡೆ ಅಥಣಿ ಹುಡುಗ್ರು ಇಬ್ರು ಸಿಕ್ಕಿದ್ರು. "ಅಣ್ಣಾ, 45 ದಿನದಾಗ ಸ್ಕೂಬಾ ಡೈವ್‌ಮಾಸ್ಟರ್ ಮಾಡ್ತಾರಂತ, ಮುಂದ ಅಂಡಮಾನ್‌ನ್ಯಾಗ ನೌಕ್ರಿ ಗ್ಯಾರಂಟಿ ಅಂತ, ಸೋಮವಾರ ಅಡ್ವಾನ್ಸ್ ಕಟ್ಟಬೇಕು" ಅಂದ್ರು. ಡೈವ್‌ಮಾಸ್ಟರ್ ಅಂದ್ರ ಬೆನ್ನಿಗೆ ಗಾಳಿ ಟ್ಯಾಂಕ್ ಕಟ್ಕೊಂಡು ಸಮುದ್ರದಾಗ ಇಳಿಯೋ ಮಂದಿಗೆ ದಾರಿ ತೋರಸ್ಕೋತ ಜೋಡಿ ಇಳಿಯಾಂವ. ಎರಡು ವರ್ಷದ ಹಿಂದ ನನಗೂ ಇದ ಮಾತು ಹೇಳಿದ್ರು, 45 ದಿನ ಅನ್ನೂದು ಸುದ್ದಾ ಅದ. ಅವತ್ತ ರಾತ್ರಿ ನಿದ್ದಿ ಬರ್ಲಿಲ್ಲ, ಅದಕ್ಕ ಬರ್ಯಾಕತ್ತೀನಿ. ಸೆಂಟರ್ ಹೆಸರು ಹಾಕೂದಿಲ್ಲ, ಕರಾವಳ್ಯಾಗಿಂದು ಅಷ್ಟ ತಿಳ್ಕೋರಿ.

ನಾನು ಗೋಕಾಕ ಕಡ್ಯಾಂವ. ಘಟಪ್ರಭಾ ಹೊಳ್ಯಾಗ ಈಜಿ ಬೆಳದೀನಿ, ನೀರಂದ್ರ ಹೆದರಿಕಿ ಇಲ್ಲ. ಕಬ್ಬಿನ ಬಿಲ್ ಬಂದ ಕೂಡ್ಲೆ ನಮ್ಮಪ್ಪ ಒಂದು ಮಾತ ಆಡದ 1 ಲಕ್ಷ 40 ಸಾವಿರ ಎಣಿಸಿ ಕೊಟ್ಟ.

ಮೊದಲ ಲೆಕ್ಕ ತಿಳ್ಕೋರಿ. ಪ್ಯಾಡಿ (PADI) ಅಂದ್ರ ಡೈವಿಂಗ್ ಸರ್ಟಿಫಿಕೇಟ್ ಕೊಡೋ ಸಂಸ್ಥೆ, ಅವರ ಪದ್ಧತ್ಯಾಗ ಡೈವ್‌ಮಾಸ್ಟರ್ ಕೋರ್ಸ್ ಶುರು ಮಾಡಾಕ 40 ಡೈವ್ ಆಗಿರಬೇಕು, ಸರ್ಟಿಫಿಕೇಟ್ ಸಿಗಾಕ 60. ಅದಕ್ಕ ಮೊದಲ ಓಪನ್ ವಾಟರ್, ಅಡ್ವಾನ್ಸ್ಡ್, ರೆಸ್ಕ್ಯೂ ಅನ್ನೋ ಕೆಳಗಿನ ಮೂರು ಕೋರ್ಸ್ ಮುಗಿದಿರಬೇಕು, ಫಸ್ಟ್ ಏಡ್ ತರಬೇತಿ ಆಗಿರಬೇಕು, ಡಾಕ್ಟರ್ ಸಹಿ ಮಾಡಿದ ಮೆಡಿಕಲ್ ಬೇಕು. ಮತ್ತ ಈಜಿನ ಪರೀಕ್ಷೆ: 400 ಮೀಟರ್ ಈಜೂದು, ಸ್ನಾರ್ಕೆಲ್ ಅಂದ್ರ ಉಸಿರಾಡೋ ಕೊಳವಿ ಬಾಯಾಗ ಹಿಡದು 800 ಮೀಟರ್ ಈಜೂದು, 15 ನಿಮಿಷ ನಿಂತಲ್ಲೇ ತೇಲೂದು, ದಣಿದವ್ರನ್ನ 100 ಮೀಟರ್ ಎಳಕೊಂಡು ಬರೂದು. ಇವೆಲ್ಲಾ ನನಗ ಸಲೀಸಾಗಿ ಆದ್ವು, ಎಲ್ಲಾ ಸರಿ ನಡದೈತಿ ಅಂತ ನಂಬಿದ್ದೂ ಅದಕ್ಕ.

ನಮ್ಮ ಬ್ಯಾಚ್ ಶುರು ಆಗಿದ್ದ ಏಪ್ರಿಲ್ ಕೊನಿಗೆ. ಜೂನ್ ಬಂತಂದ್ರ ಮಳಿಗಾಲ, ಪಶ್ಚಿಮ ಕರಾವಳ್ಯಾಗ ಡೈವಿಂಗ್ ಬಂದ್, ಇದು ಅವರಿಗೆ ಗೊತ್ತಿರ್ಲಿಲ್ಲೇನು? ಗೊತ್ತಿತ್ತು. ದಿನಾ ಮುಂಜಾನೆ ಟ್ಯಾಂಕ್ ತುಂಬೂದು, ಬೋಟ್‌ಗೆ ಹೊರೂದು, ಟೂರಿಸ್ಟ್‌ಗಳ ವೆಟ್‌ಸೂಟ್ ತೊಳಿಯೂದು, ಸಂಜಿಮುಂದ ಲಾಗ್‌ಬುಕ್, ಅಂದ್ರ ಇಳಿದ ಡೈವ್ ಬರದಿಡೋ ಪುಸ್ತಕ, ತಂದು "ಸೈನ್ ಮಾಡ್ಕೋ" ಅನ್ನಾವ್ರು. ಪೂಲ್‌ನ್ಯಾಗ ಇಳಿದದ್ದೂ ಡೈವ್, ಬೋಟಿನ ಕೆಳಗ ಹತ್ತ ನಿಮಿಷ ಮೊಣಕಾಲೂರಿ ಕುಂತದ್ದೂ ಡೈವ್, ನಾ ಬೋಟ್ ಮ್ಯಾಲೇ ಇದ್ದ ದಿನ ಸುದ್ದಾ 18 ಮೀಟರ್, 40 ನಿಮಿಷ ಅಂತ ಬರದು ಇನ್‌ಸ್ಟ್ರಕ್ಟರ್ ಶಿಕ್ಕಾ ಹೊಡದಿದ್ದ. ಕೇಳಿದ್ರ "ಎಲ್ರಿಗೂ ಹಿಂಗ ಮಾಡೂದು, ಆಮ್ಯಾಲ ನೀ ಅಂಡಮಾನ್‌ನ್ಯಾಗ ದಿನಾ ಇಳೀತಿಯಲ್ಲಾ" ಅಂದ.

ಐದನೇ ವಾರದಾಗ ಒಂದಿನ ನನ್ನ ಒಬ್ಬನ್ನ ಇಬ್ರು ಹೊಸಬರ ಜೋಡಿ ಇಳಿಸಿದ್ರು, ಹುಬ್ಬಳ್ಳಿಯ ಅಕ್ಕಾರು ಒಬ್ರು, ಅವರ ತಮ್ಮ. ಇಬ್ರೂ ಅವತ್ತ ಮೊದಲನೇ ಸಲ ನೀರಿಗೆ ಇಳದವ್ರು. ಕೋರ್ಸ್ ಕಲಿಯೋ ಹುಡುಗನ್ನ ಹಂಗ ಒಬ್ಬನ್ನ ಕಳಿಸೋ ಹಂಗ ಇಲ್ಲ, ಹೊಸಬರ ಜೋಡಿ ಇನ್‌ಸ್ಟ್ರಕ್ಟರ್ ಇರಬೇಕು. ಅಂವ ಬೋಟ್ ಮ್ಯಾಲ ಫೋನ್‌ನ್ಯಾಗ ಮಾತಾಡ್ಕೋತ ಕುಂತಿದ್ದ. ಎಂಟೊಂಬತ್ತು ಮೀಟರ್ ಕೆಳಗ ಅಕ್ಕಾರ ಮಾಸ್ಕ್‌ನ್ಯಾಗ ನೀರು ಬಂತು. ಟ್ಯಾಂಕಿನ ಗಾಳಿ ಎಳಿಯಾಕ ಬಾಯಾಗ ಇಟ್ಕೊಳ್ಳೋ ರೆಗ್ಯುಲೇಟರ್ ಉಗುಳಿ, ಬಾಯಿ ಬಿಗಿ ಹಿಡಕೊಂಡು ಮ್ಯಾಲ ಹೊಂಟ್ರು. 10 ಮೀಟರ್ ಆಳದಾಗ ಒತ್ತಡ ಮ್ಯಾಲಿನ ಎರಡರಷ್ಟು, ಅಲ್ಲಿ ಪುಪ್ಪುಸದ ತುಂಬ ಎಳಕೊಂಡ ಗಾಳಿ ಮ್ಯಾಲ ಬರೂದ್ರಾಗ ಎರಡರಷ್ಟು ಹಿಗ್ಗತೈತಿ, ಉಸಿರು ಹಿಡಿದು ಬಂದ್ರ ಪುಪ್ಪುಸ ಹರೀತೈತಿ. ನಾನು ಅವರ ಜಾಕೆಟ್ ಜಗ್ಗಿ ಹಿಡದು ನನ್ನ ಎರಡನೇ ರೆಗ್ಯುಲೇಟರ್ ಬಾಯಿಗೆ ಒತ್ತಿದೆ. ಹೆಂಗೋ ಉಸಿರು ಬಿಟ್ರು, ಇಬ್ರೂ ನಿಧಾನ ಮ್ಯಾಲ ಬಂದ್ವಿ. ಮ್ಯಾಲ ಬಂದಮ್ಯಾಲ ನನಗ ನೆನಪಾತು, ಅವರ ತಮ್ಮ ಕೆಳಗ ಒಬ್ಬನ ಅದಾನ. ಮತ್ತ ಇಳದು ನೋಡಿದ್ರ ಪಾಪ ಬಂಡಿಗಲ್ಲು ತಬ್ಬಿಕೊಂಡು ಕುಂತಿದ್ದ. ಇಬ್ರಿಗೂ ಏನೂ ಆಗ್ಲಿಲ್ಲ, ಆದ್ರ ಆ ಹುಡುಗನ ಕಣ್ಣು ನನಗ ಇವತ್ತಿಗೂ ಕಾಣ್ತಾವ. ನನ್ನ ಬುಕ್‌ನ್ಯಾಗ ಅವತ್ತ 43 ಡೈವ್, ಖರೇನ ಇಳಿದದ್ದು 17.

ಅವತ್ತ ಸಂಜಿಕ ಬ್ಯಾಗ್ ಎತ್ಕೊಂಡು ಬಸ್ ಹತ್ತಿದೆ. ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ, ಬೆಳಗಾವಿ ಕಡ್ಯಾವ್ರು ಇದನ್ನ ಲಕ್ಷ್ಯ ಕೊಟ್ಟು ಓದ್ರಿ. ಅವತ್ತ ಮೂರು ಸಲ ಇಳದಿದ್ದೆ. ಘಾಟ್ ಹತ್ತಿ ಬೆಳಗಾವಿ ಮುಟ್ಟೂದ್ರಾಗ ಎಡಭುಜ ಒಳಗೊಳಗ ನೋಯಾಕತ್ತು, ಬೆರಳು ಜುಮ್ ಅನ್ನಾಕತ್ತಿದ್ವು. ಟ್ಯಾಂಕ್ ಹೊತ್ತ ನೋವು ಅಂತ ಎರಡು ದಿನ ಸುಮ್ನಿದ್ದೆ. ಆಮ್ಯಾಲ ಡೈವಿಂಗ್ ಬಲ್ಲ ಡಾಕ್ಟರ್ ಒಬ್ರು ಫೋನ್‌ನ್ಯಾಗ ಬೈದು ತಿಳಿಸಿ ಹೇಳಿದ್ರು. ಕೆಳಗ ಇದ್ದಾಗ ಮೈಯಾಗ ಸೇರಿದ ನೈಟ್ರೋಜನ್, ಒತ್ತಡ ಲಗೂನ ಕಡಿಮಿ ಆದ್ರ ಗುಳ್ಳಿ ಆಗತೈತಿ, ನಂದು ಅದ ಇರಬೇಕು, ತಕ್ಷಣ ಆಕ್ಸಿಜನ್ ಹಚ್ಚಬೇಕಿತ್ತು ಅಂದ್ರು. ಒಂದು ಡೈವ್ ಆಗಿದ್ರ 12 ತಾಸು, ಹೆಚ್ಚಾಗಿದ್ರ 18 ತಾಸು ವಿಮಾನ ಹತ್ತಬಾರ್ದು ಅಂತಾರಲ್ಲಾ, ಆ ಲೆಕ್ಕ 600 ಮೀಟರ್ ಎತ್ತರದಿಂದ ಶುರು ಆಗತೈತಿ. ಬೆಳಗಾವಿನ ಸುಮಾರು 750 ಮೀಟರ್. ಡೈವ್ ಮಾಡಿ ಅವತ್ತ ಘಾಟ್ ಹತ್ತಬ್ಯಾಡ್ರಿ, ಒಂದು ರಾತ್ರಿ ಕೆಳಗ ಉಳೀರಿ. ಕೋರ್ಸಿನ ಐದು ವಾರದಾಗ ಈ ಮಾತು ಒಬ್ರೂ ಹೇಳಿರ್ಲಿಲ್ಲ.

ರೊಕ್ಕ ವಾಪಸ್ ಬರ್ಲಿಲ್ಲ, ಬರದು ಕೊಟ್ಟ ಕಾಗದ ನನ್ನ ಹತ್ರ ಒಂದೂ ಇರ್ಲಿಲ್ಲ. ನೀವು ಹೋಗಾಕ ಹೊಂಟಿದ್ರ ಇನ್‌ಸ್ಟ್ರಕ್ಟರ್ ನಂಬರ್ ಇಸ್ಕೊಂಡು ಪ್ಯಾಡಿ ವೆಬ್‌ಸೈಟ್‌ನ್ಯಾಗ ಹಾಕಿ ನೋಡ್ರಿ, ಈಗ ಕಲಿಸಾಕ ಅನುಮತಿ ಐತೋ ಇಲ್ಲೋ ಗೊತ್ತಾಗತೈತಿ. ಬೋಟ್‌ನ್ಯಾಗ ಆಕ್ಸಿಜನ್ ಕಿಟ್ ತೋರಿಸ್ರಿ ಅನ್ರಿ. ಮಳಿ ಬಂದು ಡೈವ್ ಉಳದ್ರ ಮುಂದಿನ ಸೀಸನ್‌ಗೆ ಮಾಡಿಸ್ತೀರೇನು ಅಂತ ಕೇಳಿ ಬರಸ್ಕೋರಿ. ಲಾಗ್‌ಬುಕ್‌ನ್ಯಾಗ ನೀವು ಇಳೀಲಾರದ ಡೈವ್ ಒಂದು ಬರದ್ರೂ ಅವತ್ತ ಎದ್ದು ಬರ್ರಿ.

ಆ ಅಥಣಿ ಹುಡುಗ್ರನ್ನ ಮನಿಗೆ ಕರಕೊಂಡು ಹೋಗಿ ನನ್ನ ಲಾಗ್‌ಬುಕ್ ತೋರಿಸ್ದೆ, ಸುಳ್ಳು ಬರದ 26 ಡೈವ್ ಕೆಂಪು ಪೆನ್ನಿಲೆ ಹೊಡದು ಹಾಕೀನಿ. ಒಬ್ಬಾಂವ ಎಲ್ಲಾ ಪುಟದ ಫೋಟೋ ತಗೊಂಡ, ಇನ್ನೊಬ್ಬಾಂವ ಅಲ್ಲೇ ಕುಂತು ಸೆಂಟರ್‌ಗೆ ಫೋನ್ ಹಚ್ಚಿ ಇನ್‌ಸ್ಟ್ರಕ್ಟರ್ ನಂಬರ್ ಕೇಳ್ದ. ನಾಳೆ ಕಳಿಸ್ತೀವಿ ಅಂದಿದ್ರು. ಐದು ದಿನ ಆತು, ಇನ್ನೂ ಕಳಿಸಿಲ್ಲಂತ.