ವಿಂಡೋಸ್ 11 ಪ್ರೊ ರಿಟೇಲ್ ಲೈಸೆನ್ಸ್: ಡ್ಯುಯಲ್ ಬೂಟ್‌ಗೂ ವರ್ಚುವಲ್ ಮಷೀನಿಗೂ ಒಂದೇ ಸಾಕೇ?

ವಿಂಡೋಸ್ 11 ಪ್ರೊ ಆವೃತ್ತಿಯ ರಿಟೇಲ್ ಲೈಸೆನ್ಸನ್ನು (ಕಂಪ್ಯೂಟರಿನ ಜೊತೆಗಲ್ಲದೆ ಬಿಡಿಯಾಗಿ ಮಾರುವ ಲೈಸೆನ್ಸ್) ಹಣ ಕೊಟ್ಟು ಕೊಂಡವರಿಗೆ ಯಾವ ಹಕ್ಕುಗಳು ದೊರೆಯುತ್ತವೆ, ಒಂದೇ ಕಂಪ್ಯೂಟರಿನಲ್ಲಿ ಲಿನಕ್ಸ್ ಜೊತೆಗೆ ಡ್ಯುಯಲ್ ಬೂಟ್ (ಎರಡನ್ನೂ ಇಟ್ಟುಕೊಂಡು, ಆರಂಭಿಸುವಾಗ ಒಂದನ್ನು ಆರಿಸಿಕೊಳ್ಳುವುದು) ಮಾಡಿಕೊಂಡು, ಮತ್ತೆ ಆ ಲಿನಕ್ಸ್‌ನ ಒಳಗಿನ ವರ್ಚುವಲ್ ಮಷೀನಿನಲ್ಲೂ (ತಂತ್ರಾಂಶವೇ ಸೃಷ್ಟಿಸುವ ತೋರಿಕೆಯ ಕಂಪ್ಯೂಟರ್) ವಿಂಡೋಸ್ ನಡೆಸಬೇಕಾದವರಿಗೆ ಆ ಹಕ್ಕುಗಳು ಎಲ್ಲಿಯವರೆಗೆ ಸಾಲುತ್ತವೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ವಿಂಡೋಸ್‌ನ ಅಂದಚಂದ, ವೇಗ, ಹೊಸ ಸೌಲಭ್ಯಗಳ ಬಗ್ಗೆ ಇತರರು ಸಾಕಷ್ಟು ಬರೆದಿದ್ದಾರೆ. ಲೈಸೆನ್ಸ್ ಒಪ್ಪಂದವನ್ನು ಮಾತ್ರ ಬಹುತೇಕ ಎಲ್ಲರೂ ಓದದೆಯೇ ಒಪ್ಪಿ ಮುಂದೆ ಸಾಗುತ್ತಾರೆ.

ನಮ್ಮ ಅಗತ್ಯ ಏನೆಂದು ಮೊದಲು ಹೇಳಬೇಕು. ಬೆಳಗಾವಿಯ ಉದ್ಯಮಬಾಗ ಮತ್ತು ಮಚ್ಛೆಯ ಫೌಂಡ್ರಿಗಳಿಗೆ, ಹೈಡ್ರಾಲಿಕ್ ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳಿಗೆ ನಾವು ಡ್ರಾಯಿಂಗ್ ಮಾಡಿಕೊಡುತ್ತೇವೆ. ಡ್ರಾಯಿಂಗಿನ ಕ್ಯಾಡ್ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ ಮತ್ತು ಗ್ರಾಫಿಕ್ಸ್ ಕಾರ್ಡನ್ನು ನೇರವಾಗಿ ಬಯಸುತ್ತದೆ. ಹೀಗಾಗಿ ಅದಕ್ಕೆ ಡ್ಯುಯಲ್ ಬೂಟ್‌ನ ವಿಂಡೋಸ್ ಬೇಕೇಬೇಕು. ಬಿಡಿಭಾಗದ ಮೇಲೆ ಬೀಳುವ ಒತ್ತಡವನ್ನು ಲೆಕ್ಕ ಹಾಕುವ ಕ್ಯಾಲ್ಕುಲಿಕ್ಸ್, ದ್ರವದ ಹರಿವನ್ನು ಲೆಕ್ಕ ಹಾಕುವ ಓಪನ್‌ಫೋಮ್ ನಾವು ಬಳಸುವ ಲಿನಕ್ಸ್ ಆದ ಉಬುಂಟುವಿನಲ್ಲಿ ಸಲೀಸಾಗಿ ನಡೆಯುತ್ತವೆ, ಮತ್ತು ಒಂದೊಂದು ಲೆಕ್ಕ ಗಂಟೆಗಟ್ಟಲೆ ಓಡುತ್ತದೆ. ಆ ಹೊತ್ತಿನಲ್ಲಿಯೇ ಟ್ಯಾಲಿಯಲ್ಲಿ ಒಂದು ಬಿಲ್ ತೆಗೆಯಬೇಕಾಗುತ್ತದೆ, ಡಿಜಿಟಲ್ ಸಹಿಯ ಟೋಕನ್ ಹಚ್ಚಿ ಟೆಂಡರ್ ಕಡತ ಏರಿಸಬೇಕಾಗುತ್ತದೆ, ಇಲ್ಲವೇ ನುಡಿ ತಂತ್ರಾಂಶದಲ್ಲಿ ಬರೆದ ಹಳೆಯ ಪತ್ರವೊಂದನ್ನು ತೆರೆಯಬೇಕಾಗುತ್ತದೆ. ಓಡುತ್ತಿರುವ ಲೆಕ್ಕವನ್ನು ನಿಲ್ಲಿಸಿ ಕಂಪ್ಯೂಟರನ್ನು ಮರುಬೂಟ್ ಮಾಡುವ ಬದಲು ಉಬುಂಟುವಿನೊಳಗೇ ವರ್ಚುವಲ್ ಮಷೀನಿನಲ್ಲಿ ವಿಂಡೋಸ್ ತೆರೆಯುವುದು ಸಹಜವಾದ ದಾರಿ. ತಾಂತ್ರಿಕವಾಗಿ ಅದರಲ್ಲಿ ಕಷ್ಟವೇನಿಲ್ಲ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್‌ನ ಸೌಲಭ್ಯವನ್ನು, ವರ್ಚುವಲ್ ಮಷೀನ್ ನಡೆಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್ 2022ರಲ್ಲಿ ಬಂದ 7.0 ಆವೃತ್ತಿಯಿಂದ ತಾನೇ ಒದಗಿಸುತ್ತಿದೆ; ಅಂಥದೇ ಇನ್ನೊಂದು ತಂತ್ರಾಂಶ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರ್‌ನಿಂದ ವ್ಯಾಪಾರಿ ಬಳಕೆಗೂ ಉಚಿತವಾಗಿದೆ. ತೊಡಕಿರುವುದು ಲೈಸೆನ್ಸ್‌ನಲ್ಲಿ.

ಒಪ್ಪಂದದ ಮುಖ್ಯ ಮಾತು ಇಷ್ಟು: ಒಂದು ಲೈಸೆನ್ಸ್‌ಗೆ ಒಂದು ಸಾಧನದ ಮೇಲೆ ಒಂದು ಪ್ರತಿಯನ್ನು ಸ್ಥಾಪಿಸಿ, ಒಂದು ಸಮಯಕ್ಕೆ ಒಬ್ಬರು ಬಳಸಬಹುದು, ಆ ಸಾಧನ ಭೌತಿಕವಾದರೂ ಸರಿ, ವರ್ಚುವಲ್ ಆದರೂ ಸರಿ. ಒಂದಕ್ಕಿಂತ ಹೆಚ್ಚು ವರ್ಚುವಲ್ ಸಾಧನಗಳಲ್ಲಿ ಬಳಸುವುದಾದರೆ ಪ್ರತಿಯೊಂದಕ್ಕೂ ಬೇರೆ ಲೈಸೆನ್ಸ್ ಬೇಕು. ಡಿಸ್ಕ್‌ನ ಒಂದು ಭಾಗದಲ್ಲಿ ಉಬುಂಟು, ಇನ್ನೊಂದರಲ್ಲಿ ವಿಂಡೋಸ್ ಇಟ್ಟುಕೊಂಡ ಡ್ಯುಯಲ್ ಬೂಟ್‌ಗೆ ಒಂದು ಲೈಸೆನ್ಸ್ ಧಾರಾಳವಾಗಿ ಸಾಕು. ಉಬುಂಟುವನ್ನು ಎಷ್ಟು ಕಂಪ್ಯೂಟರ್‌ಗಳಲ್ಲಿ, ಎಷ್ಟು ವರ್ಚುವಲ್ ಮಷೀನುಗಳಲ್ಲಿ ಹಾಕಿದರೂ ಕೇಳುವವರಿಲ್ಲ. ವಿಂಡೋಸನ್ನು ಡಿಸ್ಕ್‌ನಲ್ಲಿ ನೇರವಾಗಿ ಇಡದೆ ಕೇವಲ ವರ್ಚುವಲ್ ಮಷೀನಿನಲ್ಲಿ ಇಟ್ಟುಕೊಂಡರೂ ಅದೇ ಒಂದು ಲೈಸೆನ್ಸ್ ಸಾಕು. ಎರಡೂ ಕಡೆ ಬೇಕೆಂದಾಗ ಎಣಿಕೆ ಎರಡಾಗುತ್ತದೆ.

ಒಪ್ಪಂದ ಎಣಿಸುವುದು ಸಾಧನಗಳನ್ನು, ಬಳಸುವವರನ್ನಲ್ಲ. ಕುರ್ಚಿ ಒಂದು, ಕೀಬೋರ್ಡ್ ಒಂದು, ಕುಳಿತವರು ಒಬ್ಬರು. ಡ್ಯುಯಲ್ ಬೂಟ್‌ನ ವಿಂಡೋಸ್ ಎದ್ದಿರುವಾಗ ಉಬುಂಟು ಮಲಗಿರುತ್ತದೆ, ಆದ್ದರಿಂದ ಅದರೊಳಗಿನ ವಿಂಡೋಸ್ ಕೂಡ ನಡೆಯುವುದು ಅಸಾಧ್ಯ. ಎರಡು ಪ್ರತಿಗಳು ಒಮ್ಮೆಗೇ ನಡೆಯಲಾರವು ಎಂಬುದು ಯಂತ್ರದ ರಚನೆಯಿಂದಲೇ ಖಚಿತವಾಗಿರುವಾಗ ಎರಡನೆಯದಕ್ಕೂ ಪೂರ್ಣ ಬೆಲೆ ಕೇಳುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ಉದ್ಯಮಬಾಗದ ಪ್ಯಾಟರ್ನ್ ಶಾಪಿನ ಹಿರಿಯರೊಬ್ಬರಿಗೆ ಇದನ್ನು ವಿವರಿಸಿದಾಗ ಅವರು, "ಮಷೀನ್ ಒಂದ ಐತಲ್ರೀ ಸರ, ಹಂಗಾದ್ರ ಎರಡ ರೊಕ್ಕ ಯಾಕ ಕೊಡಬೇಕ್ರಿ?" ಎಂದು ಕೇಳಿದರು. ಒಪ್ಪಂದದ ಭಾಷೆಯಲ್ಲಿ ಉತ್ತರವಿದೆ, ನ್ಯಾಯದ ದೃಷ್ಟಿಯಿಂದ ಅವರ ಪ್ರಶ್ನೆಯೇ ಸರಿ.

ಇಲ್ಲಿ ಹಲವರು ಯೋಚಿಸುವ ಉಪಾಯ ಒಂದಿದೆ. ಡ್ಯುಯಲ್ ಬೂಟ್‌ನ ವಿಂಡೋಸ್ ಇರುವ ಅದೇ ಡಿಸ್ಕ್ ಭಾಗವನ್ನು ವರ್ಚುವಲ್ ಮಷೀನಿಗೆ ನೇರವಾಗಿ ತೋರಿಸಿ ಬೂಟ್ ಮಾಡುವುದು. ವರ್ಚುವಲ್‌ಬಾಕ್ಸ್‌ನಲ್ಲೂ ಲಿನಕ್ಸ್‌ನದೇ ಆದ ಕೆವಿಎಂನಲ್ಲೂ ಇದು ಸಾಧ್ಯ. ಸ್ಥಾಪಿತವಾದ ಪ್ರತಿ ಒಂದೇ ಆದ್ದರಿಂದ ಲೈಸೆನ್ಸ್ ಕೂಡ ಒಂದೇ ಸಾಕು ಎಂಬುದು ವಾದ. ಆದರೆ ಒಪ್ಪಂದದ ದೃಷ್ಟಿಯಲ್ಲಿ ವರ್ಚುವಲ್ ಮಷೀನ್ ಬೇರೆಯೇ ಸಾಧನ. ರಿಟೇಲ್ ಲೈಸೆನ್ಸನ್ನು ಒಂದು ಸಾಧನದಿಂದ ಇನ್ನೊಂದಕ್ಕೆ ವರ್ಗಾಯಿಸಲು ಅನುಮತಿ ಇದೆ, ಆದರೆ ವರ್ಗಾಯಿಸಿದಾಗಲೆಲ್ಲ ಹಿಂದಿನ ಸಾಧನದಿಂದ ತೆಗೆದುಹಾಕಬೇಕು, ಮತ್ತು ಸಾಧನಗಳ ನಡುವೆ ಲೈಸೆನ್ಸನ್ನು ಹಂಚಿಕೊಳ್ಳುವ ಸಲುವಾಗಿ ವರ್ಗಾಯಿಸುವಂತಿಲ್ಲ. ಬೆಳಗ್ಗೆ ಇಲ್ಲಿ, ಸಂಜೆ ಅಲ್ಲಿ ಎಂದು ಓಡಾಡಿಸಿದರೆ ಅದು ಹಂಚಿಕೆಯೇ ಆಗುತ್ತದೆ. ಕಾನೂನಿನ ಮಾತನ್ನು ಬದಿಗಿಟ್ಟರೂ ಪ್ರಾಯೋಗಿಕವಾಗಿ ಈ ದಾರಿ ಸುಗಮವಲ್ಲ. ಡಿಜಿಟಲ್ ಲೈಸೆನ್ಸ್ ಯಂತ್ರಾಂಶದ ಗುರುತಿಗೆ ಅಂಟಿಕೊಂಡಿರುತ್ತದೆ. ವರ್ಚುವಲ್ ಮಷೀನಿನ ಮದರ್‌ಬೋರ್ಡ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲವೂ ವಿಂಡೋಸ್ ಕಣ್ಣಿಗೆ ಬೇರೆಯಾಗಿ ಕಾಣುವುದರಿಂದ ಆಕ್ಟಿವೇಷನ್ (ಪ್ರತಿ ಅಸಲಿಯೆಂದು ಮೈಕ್ರೋಸಾಫ್ಟ್ ಒಪ್ಪುವುದು) ಕಳಚಿಕೊಳ್ಳಬಹುದು. ಡಿಸ್ಕ್‌ಗೆ ಬೀಗ ಹಾಕುವ, ಪ್ರೊ ಆವೃತ್ತಿಯ ಬಿಟ್‌ಲಾಕರ್ ಚಾಲೂ ಇದ್ದರೆ ಟಿಪಿಎಂ ಬದಲಾಯಿತೆಂದು ರಿಕವರಿ ಕೀ ಕೇಳುತ್ತದೆ. ಫಾಸ್ಟ್ ಸ್ಟಾರ್ಟ್‌ಅಪ್ ಸೌಲಭ್ಯವನ್ನು ಆಫ್ ಮಾಡಿರದಿದ್ದರೆ ಅರ್ಧ ಮಲಗಿದ ಸ್ಥಿತಿಯಲ್ಲಿರುವ ವಿಂಡೋಸನ್ನು ಬೇರೊಂದು ಯಂತ್ರಾಂಶದ ಮೇಲೆ ಎಬ್ಬಿಸಿದಂತಾಗಿ ಕಡತಗಳೇ ಹಾಳಾಗುವ ಅಪಾಯವಿದೆ. ಗ್ರಾಹಕರ ಡ್ರಾಯಿಂಗ್‌ಗಳಿರುವ ಡಿಸ್ಕ್ ಮೇಲೆ ಇಂಥ ಪ್ರಯೋಗವನ್ನು ನಾನು ಯಾರಿಗೂ ಸೂಚಿಸಲಾರೆ.

ಆಕ್ಟಿವೇಷನ್ ಮತ್ತು ಲೈಸೆನ್ಸ್ ಎರಡೂ ಒಂದೇ ಎಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಬೀಗ ತೆರೆಯಿತೆಂದ ಮಾತ್ರಕ್ಕೆ ಮನೆಯ ಖರೀದಿಪತ್ರ ನಮ್ಮ ಹೆಸರಿಗೆ ಆಗುವುದಿಲ್ಲ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ 10 ಮತ್ತು ವಿಂಡೋಸ್ 11 ಎರಡನ್ನೂ ಡ್ಯುಯಲ್ ಬೂಟ್ ಮಾಡಿದರೆ ಯಂತ್ರಾಂಶ ಒಂದೇ ಆದ್ದರಿಂದ ಎರಡೂ ಸಾಮಾನ್ಯವಾಗಿ ಆಕ್ಟಿವೇಟ್ ಆಗುತ್ತವೆ. ಆದರೆ ಸ್ಥಾಪಿತ ಪ್ರತಿಗಳು ಎರಡಾದ್ದರಿಂದ ಒಪ್ಪಂದದ ಪ್ರಕಾರ ಲೈಸೆನ್ಸ್ ಕೂಡ ಎರಡು ಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಹಳೆಯ ತಂತ್ರಾಂಶಕ್ಕಾಗಿ ಅದನ್ನು ಒಂದು ಮೂಲೆಯಲ್ಲಿ ಉಳಿಸಿಕೊಂಡು 11ನ್ನೂ ಹಾಕಿಕೊಂಡ ಕಚೇರಿಗಳು ಇದನ್ನು ಗಮನಿಸಬೇಕು.

ಕಂಪ್ಯೂಟರಿನ ಜೊತೆಗೇ ಬರುವ ಒಇಎಂ ಲೈಸೆನ್ಸ್‌ನ ಕಥೆ ಇನ್ನೂ ಬಿಗಿ. ಅದು ಆ ಯಂತ್ರಕ್ಕೆ ಕಟ್ಟಿದ್ದು. ಬೇರೆಯವರಿಗೆ ಕೊಡುವುದಾದರೂ ಯಂತ್ರದ ಸಮೇತವೇ ಕೊಡಬೇಕು. ವಿಂಡೋಸ್ 8ರ ಕಾಲದಿಂದ ಅದರ ಕೀ ಮದರ್‌ಬೋರ್ಡಿನ ಫರ್ಮ್‌ವೇರ್ ಒಳಗೇ ಕುಳಿತಿರುತ್ತದೆ, ವರ್ಚುವಲ್ ಮಷೀನಿಗೆ ತಾನಾಗಿ ಕಾಣುವುದಿಲ್ಲ. ಅದನ್ನು ಕಾಣುವಂತೆ ಮಾಡುವ ಚಮತ್ಕಾರಗಳಿದ್ದರೂ, ಅದೇ ಯಂತ್ರದ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ನಡೆಯುತ್ತಿರುವಾಗ ಅವು ಹಕ್ಕನ್ನು ಸೃಷ್ಟಿಸುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಕಂಪ್ಯೂಟರ್ ಬದಲಿಸುವವರಿಗೆ ರಿಟೇಲ್ ಲೈಸೆನ್ಸ್ ನಿಜವಾಗಿ ಲಾಭ ತರುವುದು ಇಲ್ಲಿಯೇ: ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು, ಭೌತಿಕ ಯಂತ್ರದಿಂದ ತೆಗೆದು ವರ್ಚುವಲ್ ಮಷೀನಿಗೆ ಖಾಯಂ ಆಗಿ ಒಯ್ಯಲೂಬಹುದು. ಕೀಯನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟರೆ ಯಂತ್ರಾಂಶ ಬದಲಾದಾಗ ಮರು ಆಕ್ಟಿವೇಷನ್ ಸುಲಭವಾಗುತ್ತದೆ. ವಿಎಂವೇರ್‌ನಲ್ಲಿ ವರ್ಚುವಲ್ ಮಷೀನಿನ ಕಡತವನ್ನು ಬೇರೆಡೆಗೆ ಸಾಗಿಸಿದಾಗ 'ಸಾಗಿಸಿದ್ದೋ, ನಕಲು ಮಾಡಿದ್ದೋ' ಎಂದು ಅದು ಕೇಳುತ್ತದೆ. ನಕಲು ಎಂದರೆ ಹೊಸ ಗುರುತು ಹುಟ್ಟಿ ಆಕ್ಟಿವೇಷನ್ ತಪ್ಪಬಹುದು. ನಿಜವಾಗಿ ಸಾಗಿಸಿದ್ದಾದರೆ ಹಾಗೆಯೇ ಉತ್ತರಿಸಬೇಕು.

ಇತರರು ಏನು ಕೊಡುತ್ತಾರೆ ಎಂದು ನೋಡಿದರೆ ಈ ಲೈಸೆನ್ಸ್‌ನ ಜಿಪುಣತನ ಎದ್ದು ಕಾಣುತ್ತದೆ. ಆ್ಯಪಲ್ ತನ್ನ ಯಂತ್ರದ ಹೊರಗೆ ಮ್ಯಾಕ್‌ಓಎಸ್ ನಡೆಸಲು ಬಿಡುವುದಿಲ್ಲ, ಆದರೆ ಅದೇ ಮ್ಯಾಕ್‌ನೊಳಗೆ ತಂತ್ರಾಂಶ ಅಭಿವೃದ್ಧಿ, ಪರೀಕ್ಷೆ, ವೈಯಕ್ತಿಕ ಬಳಕೆಯಂಥ ಉದ್ದೇಶಗಳಿಗೆ ಇನ್ನೂ ಎರಡು ವರ್ಚುವಲ್ ಪ್ರತಿಗಳನ್ನು ಒಪ್ಪುತ್ತದೆ. ಸ್ವತಃ ಮೈಕ್ರೋಸಾಫ್ಟ್ ಕೂಡ ಸಾಫ್ಟ್‌ವೇರ್ ಅಶ್ಯೂರೆನ್ಸ್ ಎಂಬ ಹೆಚ್ಚುವರಿ ಒಪ್ಪಂದದ ಸಮೇತ ಕೊಳ್ಳುವ ಎಂಟರ್‌ಪ್ರೈಸ್ ಆವೃತ್ತಿಗೆ ಅದೇ ಸಾಧನದ ಮೇಲೆ ನಾಲ್ಕು ವರ್ಚುವಲ್ ಪ್ರತಿಗಳ ಹಕ್ಕು ಕೊಡುತ್ತದೆ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಆವೃತ್ತಿಯ ಒಂದು ಪೂರ್ಣ ಲೈಸೆನ್ಸ್‌ಗೆ ಎರಡು ವರ್ಚುವಲ್ ಮಷೀನುಗಳಿವೆ. ವಿಷುಯಲ್ ಸ್ಟುಡಿಯೋ ಚಂದಾದಾರಿಕೆಯಲ್ಲಂತೂ ಎಣಿಕೆಯೇ ವ್ಯಕ್ತಿಯದು, ಆದರೆ ಅದು ಅಭಿವೃದ್ಧಿ ಮತ್ತು ಪರೀಕ್ಷೆಗೆ ಸೀಮಿತ. ಬಿಲ್ ತೆಗೆಯಲು, ಟೆಂಡರ್ ತುಂಬಲು ಬಳಸುವಂತಿಲ್ಲ. ಅಂದರೆ ಭೌತಿಕ ಪ್ರತಿಯ ಜೊತೆಗೆ ವರ್ಚುವಲ್ ಹಕ್ಕು ಕೊಡುವ ಪದ್ಧತಿ ಕಂಪನಿಗೆ ಹೊಸದೇನಲ್ಲ. ವಿಂಡೋಸ್ ವಿಸ್ತಾದ ಹೋಮ್ ಆವೃತ್ತಿಗಳನ್ನು ವರ್ಚುವಲ್ ಮಷೀನಿನಲ್ಲಿ ನಡೆಸಲು 2007ರಲ್ಲಿ ಇದ್ದ ನಿಷೇಧವನ್ನು 2008ರ ಜನವರಿಯಲ್ಲಿ ಅದು ತೆಗೆದುಹಾಕಿದ್ದೂ ಉಂಟು. ಪ್ರೊ ಆವೃತ್ತಿ ಕೊಳ್ಳುವ ಸಣ್ಣ ಉದ್ಯಮಿಗೆ ಅದೇ ಯಂತ್ರದ ಮೇಲೆ ಒಂದೇ ಒಂದು ವರ್ಚುವಲ್ ಪ್ರತಿಯನ್ನು ಒಪ್ಪಿದರೆ ಕಂಪನಿ ಕಳೆದುಕೊಳ್ಳುವುದು ಅತ್ಯಲ್ಪ.

ಹಾಗಾದರೆ ಕೊಳ್ಳಬೇಕೇ? ಒಂದೇ ಕಡೆ ಬೇಕಾದವರು ನಿಶ್ಚಿಂತೆಯಿಂದ ಕೊಳ್ಳಬಹುದು, ಒಇಎಂಗಿಂತ ರಿಟೇಲ್ ಮೇಲು. ಎರಡೂ ಕಡೆ ಬೇಕಾದವರು ಎರಡು ಲೈಸೆನ್ಸ್‌ಗಳ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಎರಡನೆಯದೂ ಪ್ರೊ ಆಗಬೇಕಿಲ್ಲ. ವರ್ಚುವಲ್ ಮಷೀನನ್ನು ನಡೆಸುವ ಹೋಸ್ಟ್ ಉಬುಂಟು ಆಗಿರುವಾಗ ಪ್ರೊ ಜೊತೆಗೆ ಬರುವ, ಅದೇ ಕೆಲಸದ ಹೈಪರ್-ವಿ ನಿರುಪಯೋಗಿ. ಟ್ಯಾಲಿಗೂ ನುಡಿಗೂ ಡಿಜಿಟಲ್ ಸಹಿಗೂ ಹೋಮ್ ಆವೃತ್ತಿ ಸಾಕು, ಮತ್ತು ವರ್ಚುವಲ್ ಮಷೀನಿನಲ್ಲಿ ನಡೆಸಲು ಹೋಮ್‌ಗೂ ಅಷ್ಟೇ ಹಕ್ಕಿದೆ. ಅಮೆರಿಕದ ಪಟ್ಟಿ ಬೆಲೆಯಲ್ಲಿ ಹೋಮ್‌ಗೆ 139 ಡಾಲರ್, ಪ್ರೊಗೆ 199.99 ಡಾಲರ್, ವ್ಯತ್ಯಾಸ ಸಣ್ಣದಲ್ಲ. ನಮ್ಮ ಕಚೇರಿಯಲ್ಲಿ ಈಗ ಇರುವ ವ್ಯವಸ್ಥೆ ಇದೇ: ಡಿಸ್ಕ್‌ನಲ್ಲಿ ಕ್ಯಾಡ್‌ಗಾಗಿ ಪ್ರೊ, ಉಬುಂಟುವಿನೊಳಗೆ ಉಳಿದ ಕೆಲಸಕ್ಕೆ ಹೋಮ್.

ನಮ್ಮ ಊರಿನ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಕೆಲವೇ ನೂರು ರೂಪಾಯಿಗೆ ಪ್ರೊ ಕೀ ಮಾರುವವರಿದ್ದಾರೆ. ಅಷ್ಟು ಅಗ್ಗದ ಕೀಗಳು ಸಾಮಾನ್ಯವಾಗಿ ಯಾವುದೋ ಸಂಸ್ಥೆ ತನ್ನ ಹಲವು ಯಂತ್ರಗಳಿಗೆಂದು ಪಡೆದ ವಾಲ್ಯೂಮ್ ಕೀ ಅಥವಾ ಹಳೆಯ ಯಂತ್ರವೊಂದರ ಒಇಎಂ ಕೀ ಆಗಿರುತ್ತವೆ. ಇಂದು ಆಕ್ಟಿವೇಟ್ ಆದದ್ದು ಮುಂದೆ ಯಾವಾಗ ಬೇಕಾದರೂ ನಿಲ್ಲಬಹುದು, ಲೈಸೆನ್ಸ್ ಹಕ್ಕಂತೂ ಮೊದಲ ದಿನದಿಂದಲೇ ಇರುವುದಿಲ್ಲ. ಕೊಂಡ ತಕ್ಷಣ ಪರೀಕ್ಷಿಸುವುದು ಸುಲಭ. ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಲ್‌ಎಂಜಿಆರ್ ಆದೇಶವನ್ನು ಡಿಎಲ್‌ವಿ ಆಯ್ಕೆಯೊಂದಿಗೆ (slmgr /dlv) ಕೊಟ್ಟರೆ ಬರುವ ಕಿಟಕಿಯಲ್ಲಿ ಚಾನೆಲ್‌ನ, ಅಂದರೆ ಲೈಸೆನ್ಸ್ ಬಗೆಯ, ಹೆಸರಿರುತ್ತದೆ. ರಿಟೇಲ್ ಎಂದು ಹಣ ಕೊಟ್ಟಿರುವಲ್ಲಿ ಒಇಎಂ ಎಂದೋ ವಾಲ್ಯೂಮ್ ಎಂದೋ ಕಂಡರೆ ಆ ದಿನವೇ ಬಿಲ್ ಹಿಡಿದು ಅಂಗಡಿಗೆ ಮರಳಬೇಕು. ಬಿಲ್‌ನಲ್ಲಿ ಆವೃತ್ತಿಯ ಹೆಸರು, ರಿಟೇಲ್ ಎಂಬ ನಮೂದು ಮತ್ತು ನಮ್ಮ ಜಿಎಸ್‌ಟಿ ಸಂಖ್ಯೆ ಮೂರೂ ಇರುವಂತೆ ಮೊದಲೇ ಬರೆಸಿಕೊಂಡಿದ್ದರೆ ವಾದಕ್ಕೆ ಎಡೆಯಿರುವುದಿಲ್ಲ, ತೆರಿಗೆಯ ಇನ್‌ಪುಟ್ ಕ್ರೆಡಿಟ್ ಕೇಳಲೂ ಅದೇ ಬಿಲ್ ಬೇಕಾಗುತ್ತದೆ.