ಬಾಲ್ಕನಿನಾ, ಕಿಟಕಿನಾ, ಒಳಗಡೆ ಕ್ಯಾಬಿನ್ನಾ? ಸಿಗರೇಟ್ ವಾಸನೆ ಆಗದವರಿಗೆ ನಮ್ಮ ಮೂರು ಕ್ರೂಸ್‌ಗಳ ಹೋಲಿಕೆ

ನಮ್ಮಮ್ಮನಿಗೆ ಉಬ್ಬಸ. ಸಿಗರೇಟ್ ಹೊಗೆ ಇರ್ಲಿ, ಹೊಗೆ ಆರಿ ದಿನ ಕಳೆದ್ಮೇಲೂ ಪರದೆ, ದಿಂಬು, ಕಾರ್ಪೆಟ್‌ನಲ್ಲಿ ಕೂತಿರುತ್ತಲ್ಲ ಆ ಕಮಟು ವಾಸನೆ, ಅದೊಂದಿದ್ರೂ ಸಾಕು ಅರ್ಧ ಗಂಟೆಯಲ್ಲಿ ಎದೆ ಗೊರಗೊರ ಅನ್ನೋಕೆ ಶುರುವಾಗುತ್ತೆ. ಇನ್ನೊಂದು ಕಡೆ ನಮ್ಮ ಭಾವ, ಅಂದ್ರೆ ಅಕ್ಕನ ಗಂಡ, ದಿನಕ್ಕೆ ಆರೇಳು ಸಿಗರೇಟ್ ಸೇದೋರು. ಅಮ್ಮ, ಅಕ್ಕ, ಭಾವ, ನಾನು, ಈ ನಾಲ್ಕು ಜನ ಒಟ್ಟಿಗೆ ಮೂರು ಸಲ ಕ್ರೂಸ್ ಹೋಗಿದೀವಿ, ಮೂರು ಸಲವೂ ಬೇರೆ ಬೇರೆ ಥರದ ಕ್ಯಾಬಿನ್ ತಗೊಂಡಿದ್ವಿ. ಹಡಗುಗಳ ಹೆಸರು ಬರೆಯಲ್ಲ, ಯಾಕಂದ್ರೆ ನನಗೆ ತೊಂದರೆ ಆಗಿದ್ದು ಹೆಚ್ಚಾಗಿ ಕ್ಯಾಬಿನ್ ಇದ್ದ ಜಾಗದಿಂದ, ಪಕ್ಕದಲ್ಲಿದ್ದ ಜನರಿಂದ.

ಮೊದಲನೇದು ಮುಂಬೈಯಿಂದ ಗೋವಾಗೆ ಹೋಗಿ ವಾಪಸ್ ಬರೋ ಎರಡು ರಾತ್ರಿಯ ಟ್ರಿಪ್. ಕಡಿಮೆ ರೇಟು ಅಂತ ಒಳಗಡೆ ಕ್ಯಾಬಿನ್, ಅಂದ್ರೆ ಕಿಟಕಿನೇ ಇಲ್ಲದ್ದು. ಬಾಗಿಲು ತೆಗೆದ ತಕ್ಷಣ ರೂಮ್ ಫ್ರೆಶ್ನರ್ ಘಮ ಜೋರಾಗಿ ಮೂಗಿಗೆ ಹೊಡೀತು, ನನಗೆ ಆಗ್ಲೇ ಅನುಮಾನ ಬಂತು. ಹತ್ತು ನಿಮಿಷ ಕೂತ್ಮೇಲೆ ಆ ಘಮದ ಅಡಿಯಿಂದ ಹಳೇ ಸಿಗರೇಟ್ ವಾಸನೆ ಎದ್ದು ಬಂತು. ದಿಂಬಿನ ಕವರ್ ತೆಗೆದು ಬರೀ ದಿಂಬು ಮೂಸಿ ನೋಡಿದೆ. ಕವರ್ ಒಗೆದ ಸೋಪಿನ ವಾಸನೆ, ಒಳಗಿನ ದಿಂಬಿಗೆ ಬಸ್‌ಸ್ಟ್ಯಾಂಡ್ ಬೀಡಾ ಅಂಗಡಿ ಮುಂದೆ ನಿಂತಂಥ ವಾಸನೆ. ನಮಗಿಂತ ಮುಂಚೆ ಇದ್ದೋರು ಒಳಗೇ ಸೇದಿದಾರೆ. ಅದು ಸಾಲದು ಅಂತ ಮೇಲಿನ ಮಹಡಿಯ, ಅಂದ್ರೆ ಮೇಲಿನ ಡೆಕ್‌ನ ಕ್ಯಾಸಿನೊಗೆ ಹೋಗೋ ಮೆಟ್ಟಿಲು ನಮ್ಮ ಬಾಗಿಲಿಂದ ಮೂರನೇ ಕ್ಯಾಬಿನ್ ಪಕ್ಕದಲ್ಲೇ ಇತ್ತು, ಆ ಕ್ಯಾಸಿನೊದ ಸ್ಮೋಕಿಂಗ್ ರೂಮಿನ ಬಾಗಿಲು ತೆಗೆದಾಗೆಲ್ಲ ಕಾರಿಡಾರಿಗೆ ಒಂದು ಅಲೆ ಇಳಿಯೋದು. ಹಡಗು ಫುಲ್ ಆಗಿತ್ತು, ಬೇರೆ ಕ್ಯಾಬಿನ್ ಸಿಗಲ್ಲ ಅಂದ್ರು. ದಿಂಬು ಬದಲಾಯಿಸಿದ್ರು, ಒಂದು ಮೆಷಿನ್ ತಂದು ಎರಡು ಗಂಟೆ ಇಟ್ರು, ಅಷ್ಟು ಹೊತ್ತು ನಾವು ಡೆಕ್ ಮೇಲೆ ಕೂತಿದ್ವಿ. ಸ್ವಲ್ಪ ಕಡಿಮೆ ಆಯ್ತು, ಪೂರ್ತಿ ಹೋಗ್ಲಿಲ್ಲ. ಅಮ್ಮ ರಾತ್ರಿ ಮೂರು ಸಲ ಇನ್ಹೇಲರ್ ಪಫ್ ತಗೊಂಡ್ಲು. ಒಳಗಡೆ ಕ್ಯಾಬಿನ್ ಅಂದ್ರೇನೇ ಹೀಗೆ, ಗಾಳಿ ಬೆಳಕು ಇಲ್ಲ, ಇನ್ಮೇಲೆ ಏನಾದ್ರೂ ಆಗ್ಲಿ ಬಾಲ್ಕನಿನೇ ತಗೋಬೇಕು ಅಂತ ಆವತ್ತು ನಾನು ತೀರ್ಮಾನ ಮಾಡಿಬಿಟ್ಟೆ. ಅದು ತಪ್ಪು ತೀರ್ಮಾನ ಅಂತ ಗೊತ್ತಾಗೋಕೆ ಮೂರನೇ ಟ್ರಿಪ್ ಬೇಕಾಯ್ತು.

ಎರಡನೇದು ಸಿಂಗಾಪುರದಿಂದ ನಾಲ್ಕು ರಾತ್ರಿ, ಪೆನಾಂಗ್, ಫುಕೆಟ್ ಕಡೆಗೆ. ಬಾಲ್ಕನಿ ಎಲ್ಲಾ ಖಾಲಿಯಾಗಿತ್ತು, ಸಿಕ್ಕಿದ್ದು ಓಷನ್ ವ್ಯೂ, ಅಂದ್ರೆ ತೆಗೆಯೋಕೆ ಆಗದ ದಪ್ಪ ಗಾಜಿನ ಕಿಟಕಿ ಇರೋದು. ಕೆಳಗಿನ ಡೆಕ್, ಹಡಗಿನ ಮುಂದಿನ ಭಾಗ. ನಾಲ್ಕು ರಾತ್ರಿಯೂ ಒಂದು ಚೂರು ವಾಸನೆ ಬರ್ಲಿಲ್ಲ. ಕಷ್ಟ ಅಂತ ಇದ್ದಿದ್ದು ಒಂದೇ, ಊಟದ ಹಾಲ್‌ಗೆ ಹೋಗೋ ನೇರ ದಾರಿ ಕ್ಯಾಸಿನೊ ಮಧ್ಯದಿಂದ ಹೋಗುತ್ತೆ, ಅಲ್ಲಿ ಸೇದೋಕೆ ಪರ್ಮಿಷನ್ ಇತ್ತು. ಮೊದಲ ದಿನ ಅಮ್ಮ ಸೆರಗು ಮೂಗಿಗೆ ಹಿಡ್ಕೊಂಡು ದಾಟಿದ್ಲು. ಆಮೇಲೆ ಒಂದು ಡೆಕ್ ಮೇಲೆ ಹತ್ತಿ, ಅಂಗಡಿಗಳ ಕಡೆಯಿಂದ ನಡೆದು, ಆ ಕಡೆ ಇಳಿಯೋ ದಾರಿ ಕಂಡುಹಿಡಿದ್ವಿ, ಐದು ನಿಮಿಷ ಜಾಸ್ತಿ ಅಷ್ಟೇ. ಸೇದೋರು ಈ ರೂಟಲ್ಲಿ ಹೋಗ್ತಿದ್ರೆ ಒಂದು ವಿಷಯ ನೆನಪಿರ್ಲಿ. ಸಿಂಗಾಪುರಕ್ಕೆ ಸಿಗರೇಟ್ ತಗೊಂಡು ಹೋದ್ರೆ ಡ್ಯೂಟಿ ಫ್ರೀ ಅನ್ನೋದು ಇಲ್ಲವೇ ಇಲ್ಲ, ಜೇಬಲ್ಲಿರೋ ಒಡೆದ ಪ್ಯಾಕನ್ನೂ ತೋರಿಸಿ ಡ್ಯೂಟಿ ಕಟ್ಟಬೇಕು, ವೇಪ್, ಅಂದ್ರೆ ಇ-ಸಿಗರೇಟ್ ಅಂತೂ ಇಟ್ಕೊಂಡಿರೋದೇ ಅಪರಾಧ. ನಮ್ಮ ದೇಶದಲ್ಲೂ 2019ರಿಂದ ಇ-ಸಿಗರೇಟ್ ಬ್ಯಾನ್ ಇದೆ. ಭಾವ ಇದನ್ನೆಲ್ಲ ಮುಂಚೆನೇ ಓದ್ಕೊಂಡು ಏನೂ ತರ್ದೇ ಬಂದು, ಹಡಗು ಹೊರಟ ಮೇಲೆ ಅಲ್ಲೇ ತಗೊಂಡ್ರು.

ಮೂರನೇದು ಬಾರ್ಸಿಲೋನಾದಿಂದ ಏಳು ರಾತ್ರಿ, ಮಾರ್ಸೇ, ಜಿನೋವಾ, ನೇಪಲ್ಸ್ ಆ ಕಡೆ. ಈ ಸಲ ಹಠ ಹಿಡಿದು ನನಗೂ ಅಮ್ಮನಿಗೂ ಬಾಲ್ಕನಿ ಬುಕ್ ಮಾಡಿದೆ. ಅಕ್ಕ ಭಾವ ಮಾತ್ರ ಒಳಗಡೆ ಕ್ಯಾಬಿನ್ ಸಾಕು ಅಂದ್ರು, ಹೇಗಿದ್ರೂ ಭಾವ ಡೆಕ್‌ಗೆ ಹೋಗಿಯೇ ಸೇದೋದು, ಅದಕ್ಯಾಕೆ ದುಡ್ಡು ಅಂತ. ಬಾಲ್ಕನಿಗೆ ತಲೆಗೆ ಸುಮಾರು 30 ಸಾವಿರ ಜಾಸ್ತಿ ಕೊಟ್ಟಿದ್ದೆ. ನಾನು ಮಾಡಿದ ತಪ್ಪು ಏನಂದ್ರೆ ಆ ಹಡಗಿನ ಸ್ಮೋಕಿಂಗ್ ರೂಲ್ಸ್ ಓದ್ಲಿಲ್ಲ. ಬಾಲ್ಕನಿಯಲ್ಲಿ ಸೇದೋದು ಎಲ್ಲಾ ಕಡೆ ನಿಷೇಧ ಅಂತ ಅಂದ್ಕೊಂಡಿದ್ದೆ, ಯಾಕಂದ್ರೆ ಕ್ರೂಸ್ ಕಂಪನಿಗಳಾದ ರಾಯಲ್ ಕೆರಿಬಿಯನ್‌ನೋರು 2014ರ ಜನವರಿಯಿಂದ, ಕಾರ್ನಿವಲ್‌ನೋರು ಅದೇ ವರ್ಷ ಅಕ್ಟೋಬರ್‌ನಿಂದ ಬಾಲ್ಕನಿಯಲ್ಲಿ ಸೇದೋದು ನಿಲ್ಲಿಸಿದ್ರು ಅಂತ ಗೊತ್ತಿತ್ತು. ನಾವು ಹತ್ತಿದ ಹಡಗಲ್ಲಿ ಕ್ಯಾಬಿನ್ ಒಳಗೆ ಇಲ್ಲ, ಬಾಲ್ಕನಿಯಲ್ಲಿ ಸೇದಬಹುದು. ಟೇಬಲ್ ಮೇಲೆ ಆ್ಯಶ್‌ಟ್ರೇ ಅವರೇ ಇಟ್ಟಿದ್ರು.

ಮೊದಲ ದಿನ ಸಂಜೆ ಸಮುದ್ರ ನೋಡ್ತಾ ಅಮ್ಮ ಕೂತಿದ್ಲು, ಕೈಲಿ ಕಾಫಿ, ಮುಖದಲ್ಲಿ ಅಂಥ ಖುಷಿ ನಾನು ನೋಡಿ ಎಷ್ಟೋ ದಿನ ಆಗಿತ್ತು. ಕಾಲು ಗಂಟೆ ಇರಬಹುದು. ಮುಂದಿನ ಕ್ಯಾಬಿನ್‌ನಿಂದ ಹೊಗೆ ಬಂತು. ಹಡಗು ಮುಂದಕ್ಕೆ ಓಡ್ತಿರುತ್ತಲ್ಲ, ಹೊಗೆ ಹಿಂದಕ್ಕೇ ಬರೋದು, ಪಾರ್ಟಿಷನ್‌ನ ಸಂದಿ ಕೆಳಗಿಂದ, ಪಕ್ಕದಿಂದ ಸುತ್ತಿಕೊಂಡು ಬಂದು ನಮ್ಮ ಬಾಲ್ಕನಿಯಲ್ಲೇ ತಿರುಗ್ತಾ ನಿಲ್ಲುತ್ತೆ. ಬಾಗಿಲು ತೆಗೆದಿಟ್ರೆ ಪರದೆಗೆ ನೇರವಾಗಿ ತಗಲುತ್ತೆ. ನಾನು ಹೊರಗೆ ಬಗ್ಗಿ ನೋಡಿ ಮಾತಾಡ್ಸಿದೆ, ಇಟಲಿಯ ಒಬ್ಬ ವಯಸ್ಸಾದ ಅಜ್ಜ. ಅಮ್ಮನ ಇನ್ಹೇಲರ್ ತೋರಿಸಿದೆ, ಎದೆ ಮೇಲೆ ಕೈ ಇಟ್ಕೊಂಡು ಏನೋ ಹೇಳಿ ತಕ್ಷಣ ಆರಿಸಿದ್ರು, ಆಮೇಲೆ ಏಳು ದಿನವೂ ಅಲ್ಲಿ ಸೇದ್ಲಿಲ್ಲ, ಎದುರು ಸಿಕ್ಕಾಗೆಲ್ಲ ಅಮ್ಮನಿಗೆ ಕೈ ಮುಗಿಯೋರು. ಆದ್ರೆ ಅವರ ಆಚೆ ಕ್ಯಾಬಿನ್‌ನಲ್ಲಿ ಹುಡುಗರ ಗುಂಪು, ಕೆಳಗಿನ ಡೆಕ್‌ನಲ್ಲಿ ಇನ್ನೊಂದು ಜೋಡಿ, ಎಷ್ಟು ಜನಕ್ಕೆ ಹೇಳೋದು, ರೂಲ್ಸ್ ಅವರ ಕಡೆಗಿತ್ತು, ಹೇಳೋಕೆ ನನಗೆ ಹಕ್ಕೂ ಇರ್ಲಿಲ್ಲ. ಮೂರನೇ ದಿನದ ಹೊತ್ತಿಗೆ ಬಾಲ್ಕನಿ ಬಾಗಿಲು ಪೂರ್ತಿ ಮುಚ್ಚಿ, ಸಂದಿಗೆ ಟವಲ್ ತುರುಕಿ ಕೂತಿದ್ವಿ.

ಆ ರಾತ್ರಿ ಅಕ್ಕ ಅಂದ್ಲು, "ಅಮ್ಮ, ನೀನು ನಮ್ಮ ರೂಮಲ್ಲಿ ಮಲಕ್ಕೊ, ನಾವು ಇಲ್ಲಿ ಬರ್ತೀವಿ." ನಾನು ಬೇಡ ಅಂದೆ, ಸೇದೋರು ಮಲಗೋ ರೂಮು, ಇನ್ನೂ ಜಾಸ್ತಿ ಆಗುತ್ತೆ ಅಂತ ನನ್ನ ಲೆಕ್ಕ. ಆದ್ರೂ ಹೋಗಿ ನೋಡಿದ್ವಿ. ಮುಂದಿನ ಭಾಗದ ಒಳಗಡೆ ಕ್ಯಾಬಿನ್, ಹತ್ತಿರದಲ್ಲಿ ಕ್ಯಾಸಿನೊ ಇಲ್ಲ, ಬಾರ್ ಇಲ್ಲ, ಮೇಲೆ ಕೆಳಗೆ ಎಲ್ಲ ಬರೀ ಕ್ಯಾಬಿನ್‌ಗಳೇ. ನಾನು ದಿಂಬು ಮೂಸಿದೆ, ಹೊದಿಕೆ ಮೂಸಿದೆ, ವಾರ್ಡ್‌ರೋಬ್ ತೆಗೆದೆ. ಏನೂ ಇಲ್ಲ. ಅಮ್ಮ ಆವತ್ತು ಬೆಳಿಗ್ಗೆ ಏಳೂವರೆವರೆಗೆ ನಿದ್ದೆ ಮಾಡಿದ್ಲು, ಒಂದು ಪಫ್ ಕೂಡ ಬೇಕಾಗ್ಲಿಲ್ಲ. ಉಳಿದ ನಾಲ್ಕು ರಾತ್ರಿ ಅಲ್ಲೇ ಮಲಗಿದ್ದು.

ಅದು ಹೇಗೆ ಸಾಧ್ಯ ಆಯ್ತು ಅಂತ ಭಾವ ಮಾಡ್ತಿದ್ದದ್ದನ್ನ ಗಮನಿಸಿದ ಮೇಲೆ ಗೊತ್ತಾಯ್ತು, ಇದನ್ನ ಸೇದೋರೆಲ್ಲ ಓದಬೇಕು ಅಂತ ನನ್ನ ಆಸೆ. ಸೇದೋಕೆ ಅಂತಾನೇ ಒಂದು ತೆಳು ಜಾಕೆಟ್, ಒಂದು ಟೋಪಿ. ಡೆಕ್‌ಗೆ ಹೋಗೋವಾಗ ಹಾಕ್ಕೋತಾರೆ. ಸೇದಿ ಮುಗಿಸಿದ ತಕ್ಷಣ ಲಿಫ್ಟ್ ಹತ್ತಲ್ಲ, ಅಲ್ಲೇ ಗಾಳಿಗೆ ಹದಿನೈದು ಇಪ್ಪತ್ತು ನಿಮಿಷ ಓಡಾಡ್ತಾರೆ, ಕೊನೇ ದಮ್ಮು ಎಳೆದ ಮೇಲೂ ಸ್ವಲ್ಪ ಹೊತ್ತು ಉಸಿರಲ್ಲಿ ಹೊಗೆ ಬರ್ತಾನೇ ಇರುತ್ತೆ. ಆಮೇಲೆ ಮೆಟ್ಟಿಲಲ್ಲಿ ಇಳಿದು, ಡೆಕ್‌ನ ಟಾಯ್ಲೆಟ್‌ನಲ್ಲಿ ಕೈ ಮುಖ ತೊಳೆದು, ಬಾಯಿ ಮುಕ್ಕಳಿಸಿ, ಜಾಕೆಟ್ ಟೋಪಿ ಎರಡನ್ನೂ ಜಿಪ್ ಲಾಕ್ ಕವರಿಗೆ ಹಾಕಿ ಬಿಗಿಯಾಗಿ ಮುಚ್ಚಿ ಆಮೇಲೆ ಕ್ಯಾಬಿನ್. ತುಂಡನ್ನ ಮರಳಿನ ಆ್ಯಶ್‌ಟ್ರೇಲಿ ಒತ್ತಿ ಆರಿಸಿ, ಒಂದು ಸಲ ಬೆರಳಿಂದ ಮುಟ್ಟಿ ನೋಡಿ ಬರ್ತಾರೆ. ರೂಮು ಬದಲಾಯಿಸಿ ಬಾಲ್ಕನಿ ಸಿಕ್ಕಿದ ಮೇಲೂ, ಅಲ್ಲಿ ಸೇದೋಕೆ ಪರ್ಮಿಷನ್ ಇದ್ರೂ, ಅವರು ಸೇದ್ಲಿಲ್ಲ. ನಾನು ಕೇಳಿದ್ದಕ್ಕೆ "ಹಗಲು ಹೊತ್ತು ಅತ್ತೆ ಬಂದು ಕೂರ್ತಾರಲ್ಲಮ್ಮ" ಅಂದ್ರು, ಅಷ್ಟೇ.

ಬೆರಳಿಂದ ಮುಟ್ಟಿ ನೋಡೋ ವಿಷಯ ಸಣ್ಣದಲ್ಲ. 2006ರ ಮಾರ್ಚ್ 23ರಂದು ಜಮೈಕಾ ಹತ್ತಿರ ಸ್ಟಾರ್ ಪ್ರಿನ್ಸೆಸ್ ಅನ್ನೋ ಹಡಗಿಗೆ ಬೆಂಕಿ ಬಿತ್ತು, ಶುರುವಾಗಿದ್ದು ಒಂದು ಬಾಲ್ಕನಿಯಲ್ಲಿ. ಬ್ರಿಟನ್ನಿನ ತನಿಖಾ ಸಂಸ್ಥೆ ಎಸೆದ ಸಿಗರೇಟ್ ತುಂಡೇ ಹೆಚ್ಚಾಗಿ ಕಾರಣ ಅಂತ ಹೇಳ್ತು, ಬಾಲ್ಕನಿ ಮಧ್ಯದ ಪ್ಲಾಸ್ಟಿಕ್ ಪಾರ್ಟಿಷನ್‌ಗಳ ಮೇಲೆ ಬೆಂಕಿ ಹಬ್ತಾ ಹೋಯ್ತು, ಹೊಗೆಯಿಂದ ಒಬ್ಬ ಪ್ರಯಾಣಿಕರು ತೀರ್ಕೊಂಡ್ರು. ಅದಾದ್ಮೇಲೆ ಬಾಲ್ಕನಿಗೆ ಏನು ಸಾಮಾನು ಬಳಸಬಹುದು ಅನ್ನೋ ಅಂತರರಾಷ್ಟ್ರೀಯ ನಿಯಮಗಳೇ ಬಿಗಿ ಆದ್ವು. ತುಂಡನ್ನ ಸಮುದ್ರಕ್ಕೆ ಎಸೆದ್ರೆ ಏನಾಗುತ್ತೆ ಅನ್ನೋರು ಇದನ್ನ ತಿಳ್ಕೊಳ್ಳಿ, ಗಾಳಿಗೆ ಅದು ಸಮುದ್ರಕ್ಕೆ ಬೀಳದೆ ಹಿಂದಿನವರ ಬಾಲ್ಕನಿಯ ಒಣಗೋ ಟವಲ್ ಮೇಲೆ ಬೀಳಬಹುದು. ಪೂರ್ತಿ ಸ್ಮೋಕ್ ಫ್ರೀ ಹಡಗು ಅಂತಾನೂ ಒಂದು ಇತ್ತು, ಕಾರ್ನಿವಲ್ ಪ್ಯಾರಡೈಸ್, 1998ರಲ್ಲಿ ಶುರುವಾಗಿದ್ದು, ಕೆಲವು ವರ್ಷ ಆದ್ಮೇಲೆ ಆ ನಿಯಮ ಕೈಬಿಟ್ರು. ಅಂಥದ್ದು ಈಗ ಇದ್ದಿದ್ರೆ ನಾನು ಕಣ್ಣು ಮುಚ್ಕೊಂಡು ಬುಕ್ ಮಾಡ್ತಿದ್ದೆ.

ವಾಸನೆ ತೆಗೆಯೋಕೆ ನಾನು ಟ್ರೈ ಮಾಡಿದ್ದನ್ನೂ ಹೇಳ್ಬಿಡ್ತೀನಿ. ಅಮ್ಮ ಮೊದಲ ಟ್ರಿಪ್‌ಗೆ ಊದುಬತ್ತಿ ತಂದಿದ್ಲು, ಚೆಕ್ಕಿಂಗ್‌ನಲ್ಲೇ ತೆಗೆದಿಟ್ಕೊಂಡು ಇಳಿಯೋವಾಗ ಕೊಟ್ರು, ಹಡಗಲ್ಲಿ ಊದುಬತ್ತಿ, ಕ್ಯಾಂಡಲ್ ಯಾವುದೂ ಹಚ್ಚೋ ಹಾಗಿಲ್ಲ. ಕಾಫಿ ಪುಡಿ ಬಟ್ಟಲಲ್ಲಿ ಇಟ್ಟಿದ್ದು ದಂಡ, ಕಾಫಿನೂ ಸಿಗರೇಟೂ ಸೇರಿ ಇನ್ನೂ ತಲೆನೋವು. ಅಡುಗೆ ಸೋಡಾ ಒಂದು ರಾತ್ರಿಗೆಲ್ಲ ಏನೂ ಮಾಡಲ್ಲ. ಲಾವಂಚದ ಬೇರಿನ ಪೊಟ್ಟಣ ದಿಂಬಿನ ಹತ್ತಿರ ಇಟ್ರೆ ಮನಸ್ಸಿಗೆ ಹಿತ, ಆದ್ರೆ ಅದು ವಾಸನೆ ಮುಚ್ಚುತ್ತೆ ಅಷ್ಟೇ, ಅಮ್ಮನ ಎದೆಗೆ ಏನೂ ವ್ಯತ್ಯಾಸ ಆಗ್ಲಿಲ್ಲ. ಇದ್ದಿಲಿನ ಚೀಲ ಸಿಗುತ್ತಲ್ಲ, ಕಾರಿಗೆ, ಶೂ ರ‍್ಯಾಕಿಗೆ ಇಡೋದು, ಅದು ಮುಚ್ಚಿದ ವಾರ್ಡ್‌ರೋಬಲ್ಲಿ ಚೆನ್ನಾಗಿ ಕೆಲಸ ಮಾಡ್ತು, ತೆರೆದ ರೂಮಲ್ಲಿ ಇಲ್ಲ. ನಿಜವಾಗಿ ಫಲ ಕೊಟ್ಟಿದ್ದು ಮನೆಯಿಂದ ತಗೊಂಡು ಹೋದ ಸಣ್ಣ ದಿಂಬು ಮತ್ತೆ ಒಂದು ಕಾಟನ್ ಬೆಡ್‌ಶೀಟ್, ಯಾಕಂದ್ರೆ ನಿಕೋಟಿನ್ ಬಟ್ಟೆ, ಸ್ಪಂಜು, ಕಾರ್ಪೆಟ್‌ಗೆ ಅಂಟ್ಕೊಂಡು ನಿಧಾನವಾಗಿ ಗಾಳಿಗೆ ವಾಪಸ್ ಬಿಡ್ತಾ ಇರುತ್ತೆ, ಮುಖದ ಹತ್ತಿರ ಇರೋದು ನಮ್ಮದೇ ಆದ್ರೆ ಅರ್ಧ ಸಮಸ್ಯೆ ಹೋಗುತ್ತೆ. ಇನ್ನೊಂದು, ಕ್ಯಾಬಿನ್‌ನ ಬಾತ್‌ರೂಮ್ ಎಕ್ಸಾಸ್ಟ್ ಯಾವಾಗ್ಲೂ ಓಡ್ತಾನೇ ಇರುತ್ತೆ, ಅದರ ಬಾಗಿಲು ತೆಗೆದಿಟ್ರೆ ರೂಮಿನ ಗಾಳಿ ಎಳ್ಕೊಂಡು ಹೋಗುತ್ತೆ. ಮುಂಬೈ ಟ್ರಿಪ್‌ನಲ್ಲಿ ಇದು ಗೊತ್ತಿದ್ರೆ ಅಮ್ಮನಿಗೆ ಅಷ್ಟು ಕಷ್ಟ ಆಗ್ತಿರ್ಲಿಲ್ಲ ಅಂತ ಇವತ್ತಿಗೂ ಬೇಜಾರಾಗುತ್ತೆ.

ಹಾಗಾದ್ರೆ ಯಾವುದು ತಗೋಬೇಕು ಅಂತ ಕೇಳಿದ್ರೆ, ನನ್ನ ಓಟು ಕಿಟಕಿ ತೆಗೆಯೋಕಾಗದ ಓಷನ್ ವ್ಯೂಗೆ. ಬೆಳಕೂ ಸಿಗುತ್ತೆ, ಪಕ್ಕದವರ ಹೊಗೆನೂ ಬರಲ್ಲ. ಎರಡನೇದು ಒಳಗಡೆ ಕ್ಯಾಬಿನ್, ಆದ್ರೆ ಡೆಕ್ ಪ್ಲಾನ್, ಅಂದ್ರೆ ಹಡಗಿನ ಮಹಡಿಗಳ ನಕ್ಷೆ ತೆಗೆದು ಮೇಲಿನ, ಕೆಳಗಿನ ಡೆಕ್‌ನಲ್ಲಿ ಏನಿದೆ, ಕ್ಯಾಸಿನೊ ಮೆಟ್ಟಿಲು ಎಲ್ಲಿದೆ ನೋಡಿ. ಬಾಲ್ಕನಿ ಬೇಕೇ ಬೇಕಂದ್ರೆ ಅಲ್ಲಿ ಸೇದೋದು ನಿಷೇಧ ಇರೋ ಹಡಗು ಮಾತ್ರ, ಅದೂ ತೀರಾ ಹಿಂಭಾಗದ್ದು ಬೇಡ. ರೂಲ್ಸ್ ಇದ್ದೂ ಯಾರಾದ್ರೂ ಸೇದಿದ್ರೆ ಜಗಳಕ್ಕೆ ಹೋಗ್ದೆ ಗೆಸ್ಟ್ ಸರ್ವೀಸ್‌ಗೆ ಫೋನ್ ಮಾಡಿ, ಹೊಗೆ ಬರ್ತಿರೋವಾಗಲೇ ಮಾಡಿ, ಬೆಳಿಗ್ಗೆ ಹೇಳಿದ್ರೆ ಅವರಿಗೆ ತೋರಿಸೋಕೆ ಏನೂ ಇರಲ್ಲ. ಕ್ಯಾಬಿನ್ ಒಳಗೆ ಸೇದಿದ್ರೆ ಕ್ಲೀನಿಂಗ್ ಚಾರ್ಜ್ ಅಂತ 250 ಡಾಲರ್ ಹಾಕೋ ಕಂಪನಿಗಳಿವೆ. ರೂಮಿಗೆ ಕಾಲಿಟ್ಟ ತಕ್ಷಣ, ಸೂಟ್‌ಕೇಸ್ ಬಿಚ್ಚೋಕೆ ಮುಂಚೆ, ದಿಂಬಿನ ಕವರ್ ತೆಗೆದು ಮೂಸಿ ನೋಡಿ, ದೂರು ಕೊಡೋದಿದ್ರೆ ಆಗಲೇ ಕೊಡಿ.

ಬಾರ್ಸಿಲೋನಾ ಟ್ರಿಪ್‌ನಿಂದ ಬಂದು ಸೂಟ್‌ಕೇಸ್ ತೆಗೆದಾಗ ಕಾಟನ್ ಬಟ್ಟೆಯದೆಲ್ಲ ಒಂದು ಒಗೆತ, ಎರಡು ದಿನದ ಬಿಸಿಲಿಗೆ ಹೋಯ್ತು. ಆ ಮೂರು ದಿನ ಬಾಲ್ಕನಿ ಕುರ್ಚಿ ಮೇಲೆ ಇದ್ದ ಅಮ್ಮನ ಉಣ್ಣೆ ಶಾಲನ್ನ ಮಾತ್ರ ನಾಲ್ಕು ಸಲ ಒಗೆದು ಟೆರೇಸ್ ಮೇಲೆ ಒಂದು ವಾರ ಹಾಕಿದ್ದೆ, ಇವತ್ತಿಗೂ ಮಳೆಗಾಲದಲ್ಲಿ ಬೀರು ತೆಗೆದ್ರೆ ಸಣ್ಣಗೆ ಆ ವಾಸನೆ ಬರುತ್ತೆ.